ನಾಲ್ಕನೆಯ ಪುಸ್ತಕ ಕಪಾಟಿನ ಮೇಲೇಕೆ?

ಅಣ್ಣ, ರಾತ್ರಿ 8.40
(ಚಿತ್ರ: ಹಳೆಯ ಪುಸ್ತಕವೊಂದರಲ್ಲಿರುವ ದ್ವೀಪಗಳ ನಕ್ಷೆ, ಮಡಿಕೆಯ ಜಾಗದಲ್ಲಿ ಕಾಗದ ಸವೆದಿದೆ.)

ಈ ನಕ್ಷೆ ನಿಮಗೆಲ್ಲ ನೆನಪಿರಬೇಕು. ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕಥೆಗಳನ್ನು ನಾನು 14ನೆಯ ವಯಸ್ಸಿನಲ್ಲಿ ಓದಿದ್ದೆ. ಈಗ ಮಗಳು ಓದಲು ಕುಳಿತಳೆಂಬ ನೆಪದಲ್ಲಿ, 46ನೆಯ ವಯಸ್ಸಿನಲ್ಲಿ, ಮೊದಲ ಪುಟದಿಂದ ಮತ್ತೆ ಓದಿದೆ. 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’, 1971ರ ‘ದಿ ಟೂಂಬ್ಸ್ ಆಫ್ ಅಟುವಾನ್’, 1972ರ ‘ದಿ ಫಾರ್ದೆಸ್ಟ್ ಶೋರ್’, ಈ ಮೂರೂ ನನ್ನ ಕೈ ಬಿಡಲಿಲ್ಲ. ಎಷ್ಟೋ ವಾಕ್ಯಗಳು ಕಣ್ಣಿಗೆ ಬೀಳುವ ಮುನ್ನವೇ ಬಾಯಿಗೆ ಬಂದವು. ಆದರೆ 18 ವರ್ಷಗಳ ಬಳಿಕ, 1990ರಲ್ಲಿ ಅವರು ಬರೆದ ನಾಲ್ಕನೆಯದು, ‘ತೆಹಾನು’, ಆಗ ನಮ್ಮ ಮನೆಗೆ ಬಂದಿರಲಿಲ್ಲ. ಅದನ್ನು ಓದಿದ್ದು ಇದೇ ಮೊದಲು, ಮತ್ತು ಓದಬಾರದಿತ್ತು ಎಂದು ಮನಸ್ಸಾರೆ ಅನ್ನಿಸಿತು. ಈ ಕಥೆಗಳ ನಾಯಕ, ಡ್ರ್ಯಾಗನ್‌ಗಳೊಡನೆ ಸರಿಸಮನಾಗಿ ಮಾತನಾಡಿದ ಮಾಂತ್ರಿಕ ಗೆಡ್, ಅದರಲ್ಲಿ ರಾಜನ ದೂತರು ಬಂದರೆಂದು ಅವರ ಕಣ್ಣು ತಪ್ಪಿಸಿ ಬೆಟ್ಟಕ್ಕೆ ಹೋಗಿ ಮೇಕೆ ಕಾಯುತ್ತಾನೆ. ಮಗಳು ಮೂರನ್ನೂ ಮುಗಿಸಿ ನಾಲ್ಕನೆಯದನ್ನು ಕೇಳುತ್ತಿದ್ದಾಳೆ. ನಾನು ಅದನ್ನು ಕಪಾಟಿನ ಮೇಲಿನ ಸಾಲಿಗೆ ಏರಿಸಿಟ್ಟಿದ್ದೇನೆ. ಕೆಲವು ವರ್ಷಗಳಾದರೂ ಅವಳ ಗೆಡ್ ಅವಳ ಪಾಲಿಗೆ ಹಾಗೆಯೇ ಉಳಿಯಲಿ.

ಅಕ್ಕ, ರಾತ್ರಿ 8.58
16 ವರ್ಷದ ಹುಡುಗಿ ಏನನ್ನು ಓದಬೇಕೆಂಬುದನ್ನು ನೀನು ಕಪಾಟಿನ ಎತ್ತರದಿಂದ ತೀರ್ಮಾನಿಸಬೇಡ. ಇನ್ನೊಂದು ಮಾತು. ಮೊದಲ ಮೂರು ಪುಸ್ತಕಗಳು ನಿನ್ನ ಕೈ ಬಿಡಲಿಲ್ಲ ಎಂದೆಯಲ್ಲ, ನನ್ನನ್ನು ಮೊದಲ ಅಧ್ಯಾಯದಲ್ಲೇ ಕೈಬಿಟ್ಟವು. ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೇಡಿನದು ಎಂದು ಗೆಡ್‌ನ ಹುಟ್ಟೂರಾದ ಗಾಂಟ್ ದ್ವೀಪದವರು ಆಡಿಕೊಳ್ಳುವ ಗಾದೆಯೊಂದು ಅಲ್ಲಿ ಬರುತ್ತದೆ. ಗೆಡ್‌ಗೆ ಮೊಟ್ಟಮೊದಲ ಮಂತ್ರಗಳನ್ನು ಕಲಿಸಿದವಳು ಊರಿನ ಮಾಟಗಾತಿಯಾದ ಅವನ ಚಿಕ್ಕಮ್ಮನೇ. ಆದರೂ ಕಥೆ ಅವಳನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆದುಬಿಡುತ್ತದೆ. ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಕಲಿಯುವವರೂ ಕಲಿಸುವವರೂ ಗಂಡಸರೇ. 12ನೆಯ ವಯಸ್ಸಿನಲ್ಲಿ ನಾನು ಇದನ್ನು ಓದಿ, ಒಂದಿಷ್ಟೂ ತಡವರಿಸದೆ ನನ್ನನ್ನೇ ಗೆಡ್ ಎಂದುಕೊಂಡು ಆ ಶಾಲೆಯ ಬಾಗಿಲು ದಾಟಿದ್ದೆ. ದೊಡ್ಡವಳಾದ ಮೇಲೆ ಓದಿದಾಗ, ಆ ಬಾಗಿಲು ನನಗಾಗಿ ತೆರೆದದ್ದಲ್ಲವೆಂದು ತಿಳಿಯಿತು. ಆ ನೋವಿಗೆ ಉತ್ತರ ಸಿಕ್ಕಿದ್ದು ನೀನು ಮೇಲೆತ್ತಿಟ್ಟಿರುವ ಪುಸ್ತಕದಲ್ಲಿಯೇ.

ಅಣ್ಣ, ರಾತ್ರಿ 9.04
ಆ ಗಾದೆ ದ್ವೀಪದ ಜನರದ್ದು, ಲೇಖಕಿಯದ್ದಲ್ಲ. ಒಂದು ಕಲ್ಪಿತ ಲೋಕದ ಜನರಿಗೂ ಅವರದೇ ಪೂರ್ವಗ್ರಹಗಳಿರುವುದು ಸಹಜ.

ಅಕ್ಕ, ರಾತ್ರಿ 9.11
ಜನರದ್ದು ಎಂದು ಒಪ್ಪುತ್ತೇನೆ. ಆದರೆ ಮೊದಲ ಪುಸ್ತಕದಲ್ಲಿ ಆ ಗಾದೆಯನ್ನು ಸುಳ್ಳಾಗಿಸುವ ಒಬ್ಬ ಹೆಂಗಸನ್ನಾದರೂ ತೋರಿಸು. ‘ತೆಹಾನು’ವಿನಲ್ಲಿ ಗೆಡ್‌ನ ಗುರು ಓಗಿಯನ್ ಸಾಯುವ ಭಾಗವನ್ನು ನೀನು ಈಚೆಗಷ್ಟೇ ಓದಿದ್ದೀಯ. ಬದುಕಿರುವಾಗ ಗುಟ್ಟಾಗಿಟ್ಟಿದ್ದ ಅವನ ನಿಜನಾಮವೇನೆಂದು ಇಬ್ಬರು ಮಾಂತ್ರಿಕರು ಶವದ ಬಳಿ ನಿಂತು ವಿಚಾರಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಅವನ ಬಳಿಯಿದ್ದ ಟೆನಾರ್, ಎರಡನೆಯ ಪುಸ್ತಕದ ನಾಯಕಿ, ಆ ಹೆಸರನ್ನು ಹೇಳುತ್ತಾಳೆ. ಹೇಳಿದರೂ ಅದು ಅವರ ಕಿವಿಗೆ ಬೀಳುವುದೇ ಇಲ್ಲ, ಏಕೆಂದರೆ ಮಾತು ಆ ಕಡೆಯಿಂದ ಬರಬಹುದೆಂಬ ನಿರೀಕ್ಷೆಯೇ ಅವರಿಗಿಲ್ಲ. ನಾನು ಅಂತಹ ಸಭೆಗಳಲ್ಲಿ ಎಷ್ಟೋ ಸಲ ಕುಳಿತು ಬಂದಿದ್ದೇನೆ. ಮಂತ್ರ, ಡ್ರ್ಯಾಗನ್, ಸಮುದ್ರಯಾನಗಳಿಂದ ತುಂಬಿದ ಈ ಸರಣಿಯಲ್ಲಿ ನನ್ನ ಬದುಕಿನ ಒಂದು ದಿನವನ್ನು ಯಾರೋ ಇದ್ದದ್ದು ಇದ್ದಂತೆ ಬರೆದಿದ್ದಾರೆ ಎಂದು ಅನ್ನಿಸಿದ್ದು ಅದೊಂದೇ ಪುಟದಲ್ಲಿ.

ಚಿಕ್ಕಪ್ಪ, ರಾತ್ರಿ 9.26
ಆ ಮೂರು ಪುಸ್ತಕಗಳನ್ನು ನಿಮ್ಮ ಕೈಗಿತ್ತವನು ನಾನಾದ್ದರಿಂದ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ. ನಾನು ನಾಲ್ಕನೆಯದನ್ನು ಓದಿಲ್ಲ, ಬೇಕೆಂದೇ ಓದಲಿಲ್ಲ. ಮೂರನೆಯ ಪುಸ್ತಕದ ಕೊನೆಯ ಪುಟವನ್ನು ನೆನಪಿಸಿಕೊಳ್ಳಿ. ಸತ್ತವರ ಒಣನಾಡಿನಲ್ಲಿ ತೆರೆದುಕೊಂಡಿದ್ದ ಬಾಗಿಲನ್ನು ಮುಚ್ಚಲು ಗೆಡ್ ತನ್ನ ಶಕ್ತಿಯನ್ನೆಲ್ಲ ಸುರಿದು ಬರಿದಾಗುತ್ತಾನೆ, ಕಲೆಸಿನ್ ಎಂಬ ಡ್ರ್ಯಾಗನ್ ಅವನನ್ನು ಬೆನ್ನ ಮೇಲೆ ಹೊತ್ತು ಒಯ್ಯುತ್ತದೆ. ಆಮೇಲೆ ಅವನೇನಾದ ಎಂಬುದಕ್ಕೆ ಲೇಖಕಿ ಎರಡು ಕಥೆಗಳನ್ನು ಕೊಡುತ್ತಾರೆ. ಹೊಸ ರಾಜನ ಪಟ್ಟಾಭಿಷೇಕಕ್ಕೆ ಬಂದು, ತನ್ನ ದೋಣಿಯನ್ನೇರಿ ಒಬ್ಬನೇ ಕಡಲಿಗೆ ಹೊರಟುಹೋದನೆಂದು ಹಾಡು ಹೇಳುತ್ತದೆ. ಅವನು ಬರಲೇ ಇಲ್ಲ, ಕಾಲ್ನಡಿಗೆಯಲ್ಲಿ ಬೆಟ್ಟದ ಕಾಡು ಸೇರಿದನೆಂದು ಗಾಂಟ್‌ನ ಜನ ಹೇಳುತ್ತಾರೆ. ನಿಜ ಯಾವುದೆಂದು ಹೇಳದೆ ಪುಸ್ತಕ ಮುಗಿಯುತ್ತದೆ. ಜನಪದರು ತಮ್ಮ ವೀರರನ್ನು ಬೀಳ್ಕೊಡುವ ಬಗೆಯೇ ಅದು. ಅಷ್ಟು ಚೆನ್ನಾಗಿ ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಪ್ರೀತಿಸಿದ ಪುಸ್ತಕವನ್ನು ಮರಳಿ ಓದುವುದೂ ಅಂತಹದೇ ಕೆಲಸವೆಂದು ನನ್ನ ನಂಬಿಕೆ. ಅದನ್ನು ಓದಿದ ಹುಡುಗ ಈಗ ಇಲ್ಲ. ಹಾಗಿರುವಾಗ ಅವನ ಪುಸ್ತಕವನ್ನು ಬೇರೊಬ್ಬ ಹೋಗಿ ಏಕೆ ಕೆದಕಬೇಕು?

ನಾನು, ರಾತ್ರಿ 9.55
ಚಿಕ್ಕಪ್ಪ, ನಿಮ್ಮ ಮಾತನ್ನು ಎರಡು ಸಲ ಓದಿ ಬರೆಯುತ್ತಿದ್ದೇನೆ. ಆ ಹುಡುಗ ಈಗಿಲ್ಲ ಎಂಬುದು ನಿಜವಿರಬಹುದು, ಆದರೆ ಅವನು ಪುಸ್ತಕವನ್ನು ಪೂರ್ತಿಯಾಗಿ ಓದಿದ್ದನೆಂದು ಹೇಗೆ ನಂಬುವುದು? ನಾನಂತೂ ಓದಿರಲಿಲ್ಲ. ಅಣ್ಣನ ಪುಸ್ತಕಗಳು ಕೈಗೆ ಬಂದಾಗ ನನಗೆ 13 ವರ್ಷ. ಕಳೆದ ವರ್ಷ ಅವನ್ನು ಮತ್ತೆ ಓದುತ್ತ ಹೋದಂತೆ, ನಾನು ಎಷ್ಟೆಲ್ಲವನ್ನು ಜಿಗಿದು ಓಡಿದ್ದೆನೆಂಬುದು ಒಂದೊಂದಾಗಿ ಕಣ್ಣಿಗೆ ಬಿತ್ತು.

ಮೊದಲ ಪುಸ್ತಕದಲ್ಲಿ ದೋಣಿ ಕಟ್ಟುವ ಪೆಚ್‌ವರಿಯನ್ನು ತೆಗೆದುಕೊಳ್ಳಿ. ಅವನು ಗೆಡ್‌ನ ಗೆಳೆಯ, ಅವನಿಗೆ ದೋಣಿ ನಡೆಸುವುದನ್ನು ಕಲಿಸಿದವನು. ಅವನ ಪುಟ್ಟ ಮಗ ಜ್ವರದಿಂದ ಸಾಯುವ ರಾತ್ರಿ, ಗೆಡ್ ಮಗುವಿನ ಜೀವದ ಬೆನ್ನುಹತ್ತಿ ಸಾವಿನ ಇಳಿಜಾರಿನಲ್ಲಿ ಮಿತಿಮೀರಿ ಇಳಿದುಬಿಡುತ್ತಾನೆ. ಮರಳಿ ಬರುವಾಗ ಸತ್ತವರ ನಾಡಿನ ಗೋಡೆಯ ಬಳಿ, ಅವನೇ ಹಿಂದೊಮ್ಮೆ ಗರ್ವದಿಂದ ಲೋಕದೊಳಗೆ ಬಿಟ್ಟುಕೊಂಡಿದ್ದ ನೆರಳು ಅವನಿಗಾಗಿ ಕಾದಿರುತ್ತದೆ. 30 ವರ್ಷಗಳ ಕಾಲ ಈ ಅಧ್ಯಾಯವೆಂದರೆ ನನ್ನ ನೆನಪಿನಲ್ಲಿದ್ದದ್ದು ಆ ಗೋಡೆ ಮತ್ತು ಆ ನೆರಳು, ಅಷ್ಟೇ. ಅದು ಒಂದು ಮಗುವಿನ ಸಾವಿನ ಅಧ್ಯಾಯವೆಂಬುದೇ ಮರೆತುಹೋಗಿತ್ತು. ಈ ಸಲ ನಾನು ಗೋಡೆಯ ತನಕ ಹೋಗಲೇ ಇಲ್ಲ, ಆ ಮನೆಯೊಳಗೇ ನಿಂತುಬಿಟ್ಟೆ. ಮಗನನ್ನು ಉಳಿಸಿಕೊಡೆಂದು ಕರೆತಂದ ಗೆಳೆಯನೂ ಹೆಣದಂತೆ ಬಿದ್ದಿರುವುದನ್ನು ನೋಡುತ್ತ ಆ ತಂದೆಗೆ ಏನಾಗುತ್ತಿರಬೇಕು? ಗೆಡ್‌ಗೆ ಕೊನೆಗೆ ಎಚ್ಚರವಾಗುವುದು ಮಂತ್ರದಿಂದಲ್ಲ. ಅವನು ಸಾಕಿಕೊಂಡಿದ್ದ ಒಟಕ್ ಎಂಬ ಪುಟ್ಟ ಪ್ರಾಣಿ, ತನ್ನ ಗಾಯವನ್ನೋ ಜೊತೆಯ ಪ್ರಾಣಿಯ ಗಾಯವನ್ನೋ ನೆಕ್ಕುವಂತೆ, ಒಣ ನಾಲಗೆಯಿಂದ ಅವನನ್ನು ನೆಕ್ಕಿ ಎಬ್ಬಿಸುತ್ತದೆ. ಈ ಸಾಲುಗಳೆಲ್ಲ ಅಂದೂ ಅಲ್ಲೇ ಇದ್ದವು.

ಇನ್ನೊಂದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ಗೆಡ್‌ನ ಮೈಬಣ್ಣ ಕೆಂಪು ಮಿಶ್ರಿತ ಕಂದು ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಅವನ ಗೆಳೆಯ ವೆಚ್ ಕಪ್ಪು ಬಣ್ಣದವನು. ಬಿಳಿಯ ಮೈಯವರೆಂದರೆ ಕಡಲಿನಾಚೆಯಿಂದ ದಾಳಿಗೆ ಬರುವ ಕಾರ್ಗರು. ಲೇಖಕಿ ಇದನ್ನು ಬೇಕೆಂದೇ ಹಾಗೆ ಮಾಡಿದ್ದರು. 2004ರಲ್ಲಿ ಅಮೆರಿಕದ ವಾಹಿನಿಯೊಂದು ಈ ಕಥೆಯನ್ನು ಕಿರುತೆರೆಗೆ ತಂದು ಗೆಡ್‌ನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿಕೊಂಡಾಗ, ಅವರು ಬಹಿರಂಗವಾಗಿಯೇ ಪ್ರತಿಭಟಿಸಿ ಲೇಖನ ಬರೆದರು. ನಾನು 13ನೆಯ ವಯಸ್ಸಿನಲ್ಲಿ ಮಾಡಿದ್ದೇನು? ಕನ್ನಡಿಯಲ್ಲಿ ದಿನವೂ ನನ್ನದೇ ಕಂದು ಮುಖವನ್ನು ನೋಡುತ್ತಿದ್ದವಳು, ಮಾಂತ್ರಿಕನೆಂದರೆ ಬಿಳಿಯನೇ ಇರಬೇಕೆಂದುಕೊಂಡು, ಅಚ್ಚಾದ ಅಕ್ಷರವನ್ನು ದಾಟಿ ಗೆಡ್‌ಗೆ ಬಿಳಿಯ ಬಣ್ಣ ಬಳಿದಿದ್ದೆ. ಮರಳಿ ಓದದೇ ಇದ್ದಿದ್ದರೆ ಆ ಬಣ್ಣ ಇಂದಿಗೂ ಹಾಗೆಯೇ ಉಳಿದಿರುತ್ತಿತ್ತು. ಆದ್ದರಿಂದ, ಚಿಕ್ಕಪ್ಪ, ಹಳೆಯ ಓದನ್ನು ಹಾಗೆಯೇ ಕಾಪಾಡಿಕೊಳ್ಳಬೇಕೆಂಬ ಮಾತನ್ನು ನಾನು ಒಪ್ಪಲಾರೆ. ನನ್ನ ಹಳೆಯ ಓದಿನಲ್ಲಿ ಪ್ರೀತಿ ಬಹಳವಿತ್ತು, ಗಮನ ಅಷ್ಟಿರಲಿಲ್ಲ.

ಅಣ್ಣ, ರಾತ್ರಿ 10.07
ಮೊದಲ ಮೂರರ ವಿಷಯದಲ್ಲಿ ನೀನು ಹೇಳಿದ್ದೆಲ್ಲವೂ ಸರಿ, ನನಗೂ ಹಾಗೆಯೇ ಆಯಿತು. ವೆಚ್ ತನ್ನ ನಿಜನಾಮವನ್ನು ಗೆಡ್‌ಗೆ ತಾನಾಗಿ ಹೇಳುವ ಜಾಗದಲ್ಲಿ ನಾನೂ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ಹೆಸರು ತಿಳಿದವನ ಕೈಯಲ್ಲಿ ಜೀವವೇ ಇರುವ ಲೋಕ ಅದು. ಗರ್ವದಿಂದ ಅನಾಹುತ ಮಾಡಿಕೊಂಡು, ಮುಖದ ತುಂಬ ಗಾಯದ ಗುರುತು ಹೊತ್ತು, ಎಲ್ಲರಿಂದ ದೂರ ಸರಿದು ನಿಂತ ಹುಡುಗನಿಗೆ ಗೆಳೆಯನೊಬ್ಬ ಬಂದು ತನ್ನ ಹೆಸರನ್ನು ಕೊಡುತ್ತಾನೆ. ಆ ವಯಸ್ಸಿನಲ್ಲಿ ಇದರ ಬೆಲೆ ನನಗೆ ತಿಳಿದಿರಲಿಲ್ಲ. ಆದರೆ ನಾನು ಹೇಳುತ್ತಿರುವುದು ಮರುಓದಿನ ವಿಷಯವಲ್ಲ, ಮರುಬರಹದ ವಿಷಯ. ‘ತೆಹಾನು’ವಿನ ಮುಖಪುಟದ ಮೇಲೆ ಇದು ಅರ್ಥ್‌ಸೀಯ ಕೊನೆಯ ಪುಸ್ತಕವೆಂದು ಅಚ್ಚು ಹಾಕಿಸಿ, 2001ರಲ್ಲಿ ಮತ್ತೆರಡನ್ನು ಹೊರತಂದರು. ಆ ಕಥೆಗಳಲ್ಲೊಂದರ ಪ್ರಕಾರ ರೋಕ್‌ನ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು, ಅವರನ್ನು ಹೊರಗಿಟ್ಟದ್ದು ಆಮೇಲಿನ ಕಾಲದಲ್ಲಿ. ಓದುಗ ನಂಬಿ ನಿಂತ ನೆಲವನ್ನು ಹೀಗೆ ಒಂದೊಂದಾಗಿ ಕದಲಿಸುತ್ತ ಹೋಗುವುದು ಸರಿಯೇ?

ನಾನು, ರಾತ್ರಿ 10.21
ಸರಿ ಎಂದೇ ನಾನು ತಿಳಿದಿದ್ದೇನೆ, ಅಣ್ಣ. ನಾವು ಮೂವರು ಈಗ ಮಾಡುತ್ತಿರುವ ಕೆಲಸವನ್ನು ಲೇಖಕಿ ನಮಗಿಂತ ಎಷ್ಟೋ ಮುಂಚೆ ಮಾಡಿ ಮುಗಿಸಿದ್ದರು. ಅವರು ಹುಟ್ಟಿದ್ದು 1929ರಲ್ಲಿ. ಮೊದಲ ಪುಸ್ತಕ ಬಂದಾಗ ಇನ್ನೂ 40 ತುಂಬಿರಲಿಲ್ಲ, ‘ತೆಹಾನು’ ಬರುವ ಹೊತ್ತಿಗೆ 60 ಆಗಿತ್ತು. ತಾನು ಕಟ್ಟಿದ ಲೋಕಕ್ಕೆ ಅಷ್ಟು ವರ್ಷಗಳ ಬಳಿಕ ಮರಳಿ ಹೋಗಿ, ಅಲ್ಲಿ ತಾನೇ ನೋಡದೆ ಬಿಟ್ಟಿದ್ದನ್ನು ನೋಡಿದರು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಇದನ್ನೇ ವಿವರಿಸಿದರು: ವೀರಗಾಥೆಯೆಂಬುದು ಗಂಡಸರ ಜಗತ್ತಿನಿಂದ ಬಂದ ಪ್ರಕಾರ, ಮೊದಮೊದಲು ತಾನೂ ಆ ಕಟ್ಟುಪಾಡಿನೊಳಗೆ ನಿಂತೇ ಬರೆದೆ ಎಂಬುದು ಆ ಮಾತಿನ ಸಾರ. ಮೂರನೆಯ ಪುಸ್ತಕಕ್ಕೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂದಿತ್ತು. ಮೆಚ್ಚುಗೆ ಬೇಕೆಂದಿದ್ದರೆ ಗೆಡ್‌ನಿಗೆ ಶಕ್ತಿಯನ್ನು ಮರಳಿ ಕೊಟ್ಟು ಇನ್ನೂ ನಾಲ್ಕು ಸಮುದ್ರಯಾನಗಳನ್ನು ಬರೆಯಬಹುದಿತ್ತು. ಬದಲಿಗೆ ಅವರು ರೈತನೊಬ್ಬನ ವಿಧವೆಯಾದ ಟೆನಾರ್‌ಳ ಅಡುಗೆಮನೆಗೆ ಹೋದರು, ಬೆಂಕಿಯಲ್ಲಿ ಅರ್ಧ ಮುಖ ಸುಟ್ಟುಹೋದ ಮಗುವನ್ನು ಅವಳ ಮಡಿಲಿಗೆ ಕೊಟ್ಟರು. ವರ್ಷಗಟ್ಟಲೆ ಅವಳು ದುಡಿದ ಹೊಲ, ಕಡಲಿನಿಂದ ಮಗ ಮರಳಿದ ದಿನವೇ ಕಾನೂನಿನಂತೆ ಅವನದಾಗುತ್ತದೆ ಎಂಬುದನ್ನೂ ಮರೆಮಾಚದೆ ಬರೆದರು.

ಈ ಪುಸ್ತಕದಲ್ಲಿ ತೊಡಕಿಲ್ಲವೆಂದು ನಾನು ಹೇಳುತ್ತಿಲ್ಲ. ಕೇಡಿಗನಾಗಿ ಬರುವ ಮಾಂತ್ರಿಕ ಬರಿಯ ದ್ವೇಷದಿಂದ ಮಾಡಿದ ಗೊಂಬೆಯಂತಿದ್ದಾನೆ. ಕೊನೆಯ ಅಧ್ಯಾಯದಲ್ಲಿ ಎಲ್ಲವೂ ಅವಸರದಿಂದ ನಡೆದುಹೋಗುತ್ತದೆ. ಆದರೆ ಗೆಡ್ ಅಡಗಿಕೊಳ್ಳುತ್ತಾನೆಂಬುದು ತೊಡಕಲ್ಲ. ಅಲ್ಲಿ ನಿನ್ನನ್ನು ಕಾಡುತ್ತಿರುವುದು ಗೆಡ್ ಹೌದೇ ಎಂದು ಸ್ವಲ್ಪ ಯೋಚಿಸು.

ಅಣ್ಣ, ರಾತ್ರಿ 10.24
ಬೇರೆ ಯಾರು?

ಅಕ್ಕ, ರಾತ್ರಿ 10.25
ಅಪ್ಪ.

ಅಕ್ಕ, ರಾತ್ರಿ 10.33
ಬಲಗೈ ಸ್ವಾಧೀನ ತಪ್ಪಿದ ಮೇಲೆ, ಹಳೆಯ ಸಹೋದ್ಯೋಗಿಗಳು ನೋಡಲು ಬಂದಾಗಲೆಲ್ಲ ಅಪ್ಪ ಒಳಕೋಣೆಗೆ ಹೋಗಿ ಮಲಗಿದಂತೆ ನಟಿಸುತ್ತಿದ್ದರು. ‘ನಿದ್ದೆ ಮಾಡುತ್ತಿದ್ದಾರೆ’ ಎಂದು ಹೊರಗೆ ಬಂದು ಹೇಳುವ ಕೆಲಸ ನಿನ್ನ ಪಾಲಿನದಾಗಿತ್ತು. ನಿನಗೆ ಆಗ ಕಾಲೇಜಿನ ವಯಸ್ಸು. ಬಂದವರು ಹೋದ ಮೇಲೆ ನೀನು ಅಪ್ಪನ ಮೇಲೆ ರೇಗಿದ್ದು ನನಗೆ ನೆನಪಿದೆ. ‘ತೆಹಾನು’ವಿನಲ್ಲಿ ಟೆನಾರ್‌ಗೂ ಗೆಡ್‌ನ ಆ ನಾಚಿಕೆ ಮೊದಲಿಗೆ ಅರ್ಥವಾಗುವುದಿಲ್ಲ, ಅವಳೂ ತಾಳ್ಮೆಗೆಡುತ್ತಾಳೆ. ಇದನ್ನು ನಾನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ.

ಚಿಕ್ಕಪ್ಪ, ರಾತ್ರಿ 10.50
ನಿಮ್ಮಪ್ಪ ನಾನು ಬಂದಾಗಲೂ ಮಲಗಿರುತ್ತಿದ್ದ. ಒಡಹುಟ್ಟಿದ ತಮ್ಮನ ಮುಂದೆಯೂ ಏಕೆ ಹೀಗೆ ಎಂದು ನಾನು ಆಗ ಬಹಳ ನೊಂದುಕೊಂಡಿದ್ದೆ. ಅವನು ನಿದ್ದೆ ಮಾಡುತ್ತಿಲ್ಲವೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಪುಸ್ತಕದಲ್ಲಿ ಅವನು, ಅಂದರೆ ಗೆಡ್, ಆ ಬೆಟ್ಟದಿಂದ ಇಳಿದು ಬರುತ್ತಾನೆಯೇ? ಓದದೇ ಇದ್ದವನು ಕೇಳಬಾರದ ಪ್ರಶ್ನೆ, ಆದರೂ ಕೇಳುತ್ತಿದ್ದೇನೆ.

ನಾನು, ರಾತ್ರಿ 10.54
ಬರುತ್ತಾನೆ, ಚಿಕ್ಕಪ್ಪ. ಕೈಯಲ್ಲಿ ಮಾಂತ್ರಿಕನ ದಂಡವಿಲ್ಲದೆ, ಹುಲ್ಲೆತ್ತುವ ಕವೆಗೋಲು ಹಿಡಿದುಕೊಂಡು, ಟೆನಾರ್‌ಳ ಮನೆಗೆ ದುಷ್ಟರು ನುಗ್ಗಲು ಬಂದ ರಾತ್ರಿಯಲ್ಲಿ ಬರುತ್ತಾನೆ. ಆಮೇಲೆ ಅವರಿಬ್ಬರೂ ಒಟ್ಟಿಗೆ ಬಾಳುತ್ತಾರೆ. ಅದಕ್ಕಿಂತ ಹೆಚ್ಚು ಹೇಳಿದರೆ ಪುಸ್ತಕಕ್ಕೆ ಅನ್ಯಾಯವಾದೀತು.

ಅಣ್ಣನ ಮಗಳು, ರಾತ್ರಿ 11.02
ಅತ್ತೆ, ಅದಕ್ಕಿಂತ ಹೆಚ್ಚನ್ನು ದಯವಿಟ್ಟು ಹೇಳಬೇಡಿ, ನಾನೂ ಈ ಗುಂಪಿನಲ್ಲಿದ್ದೇನೆ. ಅಪ್ಪಾ, ನಾನು ಇಷ್ಟು ಹೊತ್ತು ಓದುತ್ತಲೇ ಇದ್ದೆ. ನೀವೆಲ್ಲರೂ ಗೆಡ್‌ನ ಬಗ್ಗೆ ಮಾತನಾಡುತ್ತಿದ್ದೀರಿ, ಆದರೆ ನಾನು ನಾಲ್ಕನೆಯ ಪುಸ್ತಕ ಕೇಳಿದ್ದು ಗೆಡ್‌ನಿಗಾಗಿ ಅಲ್ಲ. ಎರಡನೆಯ ಪುಸ್ತಕದಲ್ಲಿ ಟೆನಾರ್‌ಳನ್ನು ಐದಾರು ವರ್ಷದವಳಿದ್ದಾಗಲೇ ತಾಯಿಯ ಕೈಯಿಂದ ಕಿತ್ತುಕೊಂಡು, ಅವಳ ಹೆಸರನ್ನೂ ತೆಗೆದು, ಕತ್ತಲೆಯ ಗೋರಿಗಳ ನಡುವೆ ಪೂಜಾರಿಣಿಯಾಗಿ ಬೆಳೆಸುತ್ತಾರೆ. ಕೊನೆಗೆ ಅವಳು ಹೊರಗೆ ಬಂದಾಗ ಖುಷಿಪಡುವುದಿಲ್ಲ, ಅಳುತ್ತಾಳೆ. ಬಿಡುಗಡೆ ಎಂಬುದು ಹೊರಲಾರದ ಹೊರೆ ಎಂದು ಅವಳಿಗೆ ಅನ್ನಿಸುತ್ತದೆ. ಅಷ್ಟು ಹೇಳಿ, ಮೂರನೆಯ ಪುಸ್ತಕದಲ್ಲಿ ಅವಳನ್ನು ಬಿಟ್ಟೇಬಿಟ್ಟಿದ್ದಾರೆ. ನಾನು ಕೊನೆಯ ಪುಟದವರೆಗೂ ಅವಳಿಗಾಗಿ ಕಾದೆ. ಗೆಡ್ ಡ್ರ್ಯಾಗನ್ ಮೇಲೆ ಹೋದ, ಸರಿ. ಆದರೆ ಆ ಹೊರೆಯನ್ನು ಹೊತ್ತುಕೊಂಡು ಅವಳು ಆಮೇಲೆ ಏನು ಮಾಡಿದಳು?

ಅಕ್ಕ, ರಾತ್ರಿ 11.04
ಮಗಳೇ, ಲೇಖಕಿ ಆ ಪ್ರಶ್ನೆಗೆ ಉತ್ತರ ಬರೆಯಲು 18 ವರ್ಷ ತೆಗೆದುಕೊಂಡರು.

ಅಣ್ಣ, ರಾತ್ರಿ 11.19
ಟೆನಾರ್ ಮೂರನೆಯ ಪುಸ್ತಕದಲ್ಲಿ ಇಲ್ಲವೆಂಬುದನ್ನು ನಾನು 14ರಲ್ಲಿಯೂ ಗಮನಿಸಲಿಲ್ಲ, ಕಳೆದ ತಿಂಗಳು ಓದಿದಾಗಲೂ ಗಮನಿಸಲಿಲ್ಲ. ಆ ಪುಸ್ತಕವನ್ನು ಎರಡೂ ಸಲ ಗೆಡ್‌ನ ಬೆನ್ನ ಹಿಂದೆ ನಿಂತೇ ಓದಿದ್ದೇನೆಂದು ಈಗ ತಿಳಿಯುತ್ತಿದೆ.

ಅಪ್ಪನ ಮಾತು ಬಂದದ್ದರಿಂದ ಸ್ವಲ್ಪ ಹೊತ್ತು ಬರೆಯಲು ಆಗಲಿಲ್ಲ. ಅಕ್ಕ ಹೇಳಿದ್ದು ನಿಜವಿರಬಹುದು, ಆದರೂ ದೂತರಿಂದ ಅಡಗಿಕೊಳ್ಳುವ ಆ ಅಧ್ಯಾಯವನ್ನು ಮೆಚ್ಚಿಕೊಳ್ಳಲು ನನ್ನಿಂದ ಇವತ್ತು ಸಾಧ್ಯವಿಲ್ಲ. ಅದನ್ನು ಇನ್ನೊಮ್ಮೆ ಓದಿದ ಮೇಲೆಯೇ ಆ ಬಗ್ಗೆ ಮಾತನಾಡುತ್ತೇನೆ, ಅಲ್ಲಿಯವರೆಗೆ ನನ್ನನ್ನು ಒಪ್ಪಿಸಲು ಯಾರೂ ಪ್ರಯತ್ನಿಸಬೇಡಿ.

ಮಗಳೇ, ಪುಸ್ತಕವನ್ನು ತೆಗೆದು ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಕೆಲವು ಕಡೆ ಪೆನ್ಸಿಲ್‌ನಿಂದ ಗೆರೆ ಎಳೆದು ಸಿಟ್ಟಿನ ಮಾತುಗಳನ್ನು ಬರೆದಿದ್ದೇನೆ, ಅವನ್ನು ಅಳಿಸಿ ಕೊಡೋಣವೆಂದುಕೊಂಡಿದ್ದೆ. ಅಳಿಸಿಲ್ಲ. ನೀನು ಓದಿದ ಮೇಲೆ ಅವುಗಳ ಪಕ್ಕದಲ್ಲಿ ನಿನ್ನ ಮಾತನ್ನೂ ಬರೆದು, ಚಿಕ್ಕಜ್ಜನಿಗೆ ಕಳುಹಿಸು.

ಚಿಕ್ಕಪ್ಪ, ರಾತ್ರಿ 11.23
ದಪ್ಪ ಅಕ್ಷರದಲ್ಲಿ ಬರೆಯಬೇಕು, ಮಗು. ನನ್ನ ಕಣ್ಣು ಮೊದಲಿನಂತಿಲ್ಲ.